ಬಿದ್ದ ಕಂಬದ ಪಾರ್ಟು ಮಾಡೋ ಹುಡುಗನ ಪರವಾಗಿ, ನಮ್ಮ ಜನಪ್ರತಿನಿಧಿಗಳಿಗೆ ಒಂದು ಬಹಿರಂಗ ಪತ್ರ

ವಿಜಯನಗರ ಜಿಲ್ಲೆಯ ಮತ್ತೆ ಹೊಳೆ ಆಚೆ ಕೊಪ್ಪಳ ಜಿಲ್ಲೆಯ ಹಾಲಿ, ಮಾಜಿ ಮತ್ತು ಮುಂದಿನ ಸಲ ನಿಲ್ಲಬೇಕು ಅಂತ ಓಡಾಡ್ತಿರೋ ಎಲ್ಲಾ ಜನಪ್ರತಿನಿಧಿಗಳಿಗೆ ನಮಸ್ಕಾರ.

ನಾನು ಹೊಸಪೇಟೆ ಹತ್ರದ ಒಂದು ಊರಿನೋನು, ಗ್ರಾನೈಟ್ ಕಲ್ಲಿನ ಮೇಲೆ ಅಕ್ಷರ ಹಾಕೋದು ನನ್ನ ಕಸುಬು. ನಿಮ್ಮಲ್ಲಿ ಬಹಳ ಜನಕ್ಕೆ ನನ್ನ ಮುಖ ಗೊತ್ತಿರಲಿಕ್ಕಿಲ್ಲ ಆದ್ರೆ ನನ್ನ ಕೆಲಸ ಗೊತ್ತು, ನೀವು ಪರದೆ ಸರಿಸಿ ಚಪ್ಪಾಳೆ ಬಿದ್ದ ಮೇಲೆ ಪಕ್ಕ ನಿಂತು ಫೋಟೋ ತೆಗೆಸ್ಕೊಳ್ತೀರಲ್ಲ, ಆ ಶಂಕುಸ್ಥಾಪನೆ ಕಲ್ಲು, ಉದ್ಘಾಟನೆ ಕಲ್ಲು, ಅಂಥವನ್ನ ಮಾಡಿಕೊಡೋರು ನಾವು. ಕಂಪ್ಯೂಟರಲ್ಲಿ ಹೆಸರು ಟೈಪ್ ಮಾಡಿ ಸ್ಟಿಕರ್ ಕಟ್ ಮಾಡಿ ಕಲ್ಲಿಗೆ ಅಂಟಿಸಿ, ಮಷಿನ್‌ನಲ್ಲಿ ಮರಳು ಹೊಡೆದು ಅಕ್ಷರ ಇಳಿಸಿ, ಆಮೇಲೆ ಗೋಲ್ಡ್ ಪೇಂಟ್ ತುಂಬಿ ಸ್ಟಿಕರ್ ಕೀಳೋದು. ಕಲ್ಲಿನ ಕೆಲಸಕ್ಕೆ ಅರ್ಧ ದಿನ ಸಾಕು, ಹೆಸರುಗಳ ಲಿಸ್ಟ್ ಫೈನಲ್ ಆಗೋಕೆ ಮಾತ್ರ ಒಂದು ವಾರ ಬೇಕು. ಯಾರ ಹೆಸರು ಮೇಲೆ, ಯಾರದ್ದು ಕೆಳಗೆ, ಯಾರಿಗೆ ಘನ ಉಪಸ್ಥಿತಿ, ಯಾರಿಗೆ ಬರೀ ಉಪಸ್ಥಿತಿ, ಇದರ ಬಗ್ಗೆ ರಾತ್ರಿ ಹನ್ನೊಂದಕ್ಕೂ ಫೋನ್ ಬರ್ತವೆ. ಒಂದ್ಸಲ ಒಬ್ಬರ ಹೆಸರಿನ ಅಕ್ಷರ ಪಕ್ಕದೋರಿಗಿಂತ ಕಾಲಿಂಚು ಸಣ್ಣದಾಯ್ತು ಅಂತ ಇಡೀ ಕಲ್ಲು ವಾಪಸ್ ಬಂದಿತ್ತು, ಆ ಕಲ್ಲು ಇವತ್ತಿಗೂ ನಮ್ಮ ಶೆಡ್ಡಿನ ಹಿಂದೆ ಬೋರಲು ಬಿದ್ದಿದೆ, ಅದರ ಮೇಲೆ ಬಟ್ಟೆ ಒಗೀತೀವಿ.

ಹಗಲು ಇದು ಕೆಲಸ, ರಾತ್ರಿ ನಾಟಕ. ನಮ್ಮ ಕಡೆ ಜಾತ್ರೆ ಅಂದ್ರೆ ನಾಟಕ ಇರಲೇಬೇಕು, ನಿಮಗೂ ಗೊತ್ತು, ನಿಮ್ಮಲ್ಲೇ ಎಷ್ಟೋ ಜನ ಹುಡುಗರಿದ್ದಾಗ ಬಣ್ಣ ಹಚ್ಚಿದೋರು ಇದೀರಿ. ನಾವು ಹನ್ನೊಂದು ಜನ ಇದೀವಿ, ಒಬ್ರು ರಿಟೈರ್ಡ್ ಮೇಷ್ಟ್ರು, ಇಬ್ರು ಆಟೋ ಓಡಿಸೋರು, ಒಬ್ಬ ಬಾಳೆ ತೋಟದಲ್ಲಿ ಕೂಲಿ ಮಾಡೋನು, ಉಳಿದೋರು ಕಾಲೇಜ್ ಹುಡುಗ್ರು. ಹೋದ ವರ್ಷ ಒಂದು ಹಾಸ್ಯ ನಾಟಕ ಕಟ್ಟಿದ್ವಿ, ಹೆಸರು 'ಕಂಬ ಬಿದ್ದೈತಿ ಸಾಹೇಬ್ರೇ'. ಬರೆದಿದ್ದು ನಾನೇ ಅಂತ ಹೇಳಬಹುದು, ಆದ್ರೆ ತಾಲೀಮಿನಲ್ಲಿ ಎಲ್ಲರೂ ಸೇರಿಸಿ ಸೇರಿಸಿ ಈಗ ಯಾವ ಮಾತು ಯಾರದ್ದು ಅಂತ ನನಗೇ ನೆನಪಿಲ್ಲ.

ಕಥೆ ಸಣ್ಣದು. ಊರ ಹೊರಗೆ ಹಳೇ ಮಂಟಪ, ನಾಲ್ಕು ಕಂಬ, ನಾಲ್ಕಕ್ಕೂ ನಾಲ್ಕು ಹುಡುಗ್ರೇ ಮೈಗೆ ಬೂದಿ ಬಣ್ಣದ ಪಂಚೆ ಸುತ್ಕೊಂಡು ಕೈ ಮೇಲೆತ್ತಿ ನಿಂತಿರ್ತಾರೆ. ಪರದೆ ಎದ್ದು ಎರಡೇ ನಿಮಿಷಕ್ಕೆ ಮಳೆ, ಒಂದು ಕಂಬ ಬೀಳುತ್ತೆ. ಕಾವಲುಗಾರ ಮುದುಕ ಓಡಿಹೋಗಿ ಹೇಳ್ತಾನೆ, ಕಂಬ ಬಿದ್ದೈತಿ ಸಾಹೇಬ್ರೇ ಅಂತ. ಅಲ್ಲಿಂದ ಶುರು. ಹಾಲಿ ಶಾಸಕರು ಬರ್ತಾರೆ, ಮಾಜಿ ಬರ್ತಾರೆ, ಮುಂದೆ ಆಗಬೇಕು ಅನ್ನೋರು ಬರ್ತಾರೆ, ಬಿದ್ದ ಕಂಬಕ್ಕೆ ಮೂರು ಸಲ ಮಾಲೆ ಬೀಳುತ್ತೆ, ಮೂರು ಸಲ ನಮ್ಮ ಪರಂಪರೆ ನಮ್ಮ ಹೆಮ್ಮೆ ಅಂತ ಭಾಷಣ ಆಗುತ್ತೆ, ಕಂಬ ಎತ್ತಿ ನಿಲ್ಲಿಸೋ ಕೆಲಸಕ್ಕೆ ಶಂಕುಸ್ಥಾಪನೆ ಆಗುತ್ತೆ. ಶಂಕುಸ್ಥಾಪನೆಗೆ ಒಂದು ಫಲಕ ಬೇಕಲ್ಲ, ಅದರಲ್ಲಿ ಹೆಸರು ಹಾಕ್ತಾ ಹಾಕ್ತಾ ಫಲಕ ದೊಡ್ಡದಾಗ್ತಾ ಹೋಗುತ್ತೆ, ಕೊನೆಗೆ ಮಂಟಪಕ್ಕಿಂತ ಫಲಕ ದೊಡ್ಡದಾಗುತ್ತೆ, ರಸ್ತೆಯಿಂದ ನೋಡಿದ್ರೆ ಫಲಕ ಕಾಣ್ತಿಲ್ಲ ಮಂಟಪ ಅಡ್ಡ ಬರ್ತಿದೆ ಅಂತ ಉಳಿದ ಮೂರು ಕಂಬಾನೂ ತೆಗೆಸ್ತಾರೆ. ಅಷ್ಟೇ ನಾಟಕ. ಒಂದು ಗಂಟೆ ಹತ್ತು ನಿಮಿಷ.

ಈ ಒಂದು ಗಂಟೆ ಹತ್ತು ನಿಮಿಷದಲ್ಲಿ ಮೊದಲು ಬಿದ್ದ ಕಂಬ, ಅಂದ್ರೆ ಆ ಹುಡುಗ, ಸ್ಟೇಜ್ ಮೇಲೆ ಬಿದ್ದೇ ಇರ್ತಾನೆ. ಅಲ್ಲಾಡಂಗಿಲ್ಲ. ಸೊಳ್ಳೆ ಕಡಿದ್ರೂ ಕೈ ಎತ್ತಂಗಿಲ್ಲ. ಎಲ್ಲರೂ ಅವನ ಸುತ್ತ ಓಡಾಡ್ತಾರೆ, ಅವನ ಮೇಲೆ ಮೈಕಿನ ವೈರ್ ಎಳೀತಾರೆ, ಒಬ್ರು ಭಾಷಣದ ಜೋಶ್‌ನಲ್ಲಿ ಅವನ ಮೇಲೆ ಕಾಲಿಡ್ತಾರೆ, ಜನ ಬಿದ್ದು ಬಿದ್ದು ನಗ್ತಾರೆ. ನಡುವೆ ಒಂದು ಕಡೆ ಎಲ್ಲರೂ ಊಟಕ್ಕೆ ಹೋದಾಗ ಕಾವಲುಗಾರ ಮುದುಕ ಬಂದು ತನ್ನ ಕಂಬಳಿ ತೆಗೆದು ಆ ಕಂಬಕ್ಕೆ ಹೊದಿಸ್ತಾನೆ, ಮಾತಿಲ್ಲ, ಹೊದಿಸಿ ಪಕ್ಕದಲ್ಲಿ ಕೂತು ಬೀಡಿ ಹಚ್ತಾನೆ. ಅಲ್ಲಿ ನಗು ನಿಂತುಬಿಡುತ್ತೆ. ನಮ್ಮೂರ ಶಾಲೆ ಮೈದಾನದಲ್ಲಿ ಮೊದಲ ಸಲ ಆಡಿದಾಗ ಹಂಪಿಯ ವಿರೂಪಾಕ್ಷ ಬಜಾರಿನಿಂದ ಖಾಲಿ ಮಾಡಿಸಿದ ಮನೆಯ ಒಬ್ಬ ಅಜ್ಜಿ ಮುಂದೆ ಕೂತಿದ್ಲು, ಆ ಜಾಗ ಬಂದಾಗ ಸೆರಗಲ್ಲಿ ಮುಖ ಮುಚ್ಕೊಂಡ್ಲು. ಆಮೇಲೆ ನಾನು ಹೋಗಿ ಏನಾಯ್ತು ಅಮ್ಮ ಅಂದ್ರೆ, ಏನಿಲ್ಲಪ್ಪ ನಮ್ಮನ್ನೂ ಯಾರಾದ್ರೂ ಹಂಗ ಹೊದಿಸಿದ್ರ ಚಲೋ ಇತ್ತು ಅಂದ್ಲು. ನಾನು ಬರೆದ ಯಾವ ಡೈಲಾಗೂ ಆ ಮಾತಿನ ಹತ್ರ ಬರಲ್ಲ.

ಈಗ ವಿಷಯಕ್ಕೆ ಬರ್ತೀನಿ. ಈ ನಾಟಕಕ್ಕೆ ನಮ್ಮ ಕಡೆಯ ಒಂದು ಉತ್ಸವದಲ್ಲಿ ನಲವತ್ತೈದು ನಿಮಿಷ ಕೊಟ್ಟಿದ್ರು, ಹೆಸರು ಕರಪತ್ರದಲ್ಲೂ ಬಂದಿತ್ತು. ಯಾವ ಉತ್ಸವ, ಯಾವ ಸಮಿತಿ ಅಂತ ಹೇಳಲ್ಲ, ಅವರ ಮೇಲೆ ದೂರು ಹೇಳೋಕೆ ಈ ಪತ್ರ ಬರೀತಿಲ್ಲ. ಹತ್ತು ದಿನ ಮುಂಚೆ ಸ್ಕ್ರಿಪ್ಟ್ ಕೇಳಿದ್ರು, ಕೊಟ್ವಿ. ಫಲಕದ ಸೀನ್ ತೆಗೀರಿ ಅಂದ್ರು, ಅದು ತೆಗೆದ್ರೆ ನಾಟಕದಲ್ಲಿ ಉಳಿಯೋದೇನು ಅಂದ್ವಿ. ಹೆಗಲ ಮೇಲಿನ ಶಲ್ಯ ಯಾವ ಬಣ್ಣ ಅಂತ ಕೇಳಿದ್ರು. ನಾವು ಮೊದಲೇ ಯೋಚನೆ ಮಾಡಿ ಕೇಸರಿ ಬೇಡ, ಹಸಿರು ಬೇಡ, ತ್ರಿವರ್ಣ ಬೇಡ, ನೀಲಿ ಬೇಡ, ಕೆಂಪು ಬೇಡ ಅಂತ ಮೂರೂ ಜನಕ್ಕೂ ಬೂದಿ ಬಣ್ಣದ ಶಲ್ಯ ಹೊಲಿಸಿದ್ವಿ, ಅದನ್ನ ತೋರಿಸಿದ್ರೆ, ಬೂದಿ ಬಣ್ಣದ ಶಾಲು ಯಾರು ಹಾಕ್ತಾರೆ ಅಂತ ಎಲ್ಲರಿಗೂ ಗೊತ್ತಾಗುತ್ತೆ ಅಂದ್ರು! ಯಾರು ಹಾಕ್ತಾರೋ ನಮಗೆ ಈಗಲೂ ಗೊತ್ತಿಲ್ಲ. ಎರಡು ದಿನ ಮುಂಚೆ ಫೋನ್ ಬಂತು, ಸಮಯ ಇಲ್ಲ, ಮುಂದಿನ ವರ್ಷ ನೋಡೋಣ ಅಂತ. ಆ ನಲವತ್ತೈದು ನಿಮಿಷ ಆರ್ಕೆಸ್ಟ್ರಾಗೆ ಹೋಯ್ತು. ಆ ಹುಡುಗ್ರು ಚೆನ್ನಾಗೇ ಹಾಡಿದ್ರು, ಅವರ ಮೇಲೆ ನನಗೆ ಬೇಜಾರಿಲ್ಲ.

ನಾಟಕ ಬೇಡ ಅಂತ ನಿಮ್ಮಲ್ಲಿ ಯಾರೂ ಹೇಳಿರಲಿಕ್ಕಿಲ್ಲ, ಇದನ್ನ ಮನಸಾರೆ ನಂಬ್ತೀನಿ. ನಿಮಗೆ ಈ ನಾಟಕದ ಹೆಸರೂ ಗೊತ್ತಿರಲಿಕ್ಕಿಲ್ಲ. ಸಾಹೇಬ್ರಿಗೆ ಬೇಜಾರಾಗಬಹುದು ಅಂತ ಕೆಳಗಿನೋರೇ ಮೊದಲೇ ಹೆದರಿಕೊಂಡು ಮಾಡೋ ಕೆಲಸ ಇದು, ನಿಮ್ಮನ್ನ ಕೇಳೋದೂ ಇಲ್ಲ. ಅದಕ್ಕೇ ನೇರ ನಿಮಗೇ ಬರೀತಿರೋದು, ಯಾಕಂದ್ರೆ ಈ ಹೆದರಿಕೆಯನ್ನ ತೆಗೆಯೋಕೆ ಆಗೋದು ನಿಮ್ಮ ಕೈಲಿ ಮಾತ್ರ. ಇಂಥ ನಾಟಕ ಆಡಲಿ ಬಿಡ್ರಪ್ಪ, ನಾನೇ ಬಂದು ಮುಂದೆ ಕೂರ್ತೀನಿ ಅಂತ ನೀವು ಒಂದು ಮಾತು ಅಂದ್ರೆ ಸಾಕು, ಸಮಿತಿಯೋರ ಭಯ ಅರ್ಧ ಇಳಿಯುತ್ತೆ.

ನಾನು ಕೇಳ್ತಿರೋದು ಹೊಸದೇನಲ್ಲ. ಹಂಪಿ ಉತ್ಸವ ಶುರುವಾಗಿದ್ದೇ ಒಬ್ಬ ನಾಟಕದ ಮನುಷ್ಯನಿಂದ. ಹೂವಿನಹಡಗಲಿಯ ಎಂ.ಪಿ. ಪ್ರಕಾಶ್ ಅವರು ಊರಲ್ಲಿ ರಂಗಭಾರತಿ ಕಟ್ಟಿ ನಾಟಕ ಮಾಡಿಸಿದೋರು, ಸಂಸ್ಕೃತಿ ಇಲಾಖೆ ಅವರ ಕೈಗೆ ಬಂದಾಗ ಈ ಉತ್ಸವಾನ ತಂದೋರು, ಆಮೇಲೆ ಉಪಮುಖ್ಯಮಂತ್ರಿ ತನಕ ಹೋದೋರು. ರಾಜಕಾರಣಿ ಮತ್ತು ನಾಟಕದೋನು ಎದುರು ಬದುರು ನಿಲ್ಲಬೇಕಾದೋರು ಅಂತ ನಮ್ಮ ಜಿಲ್ಲೆಯಲ್ಲಂತೂ ಯಾರೂ ಹೇಳೋ ಹಂಗಿಲ್ಲ. ಇನ್ನು ಮಾಸ್ಟರ್ ಹಿರಣ್ಣಯ್ಯ ಅವರ ವಿಷಯ ನಿಮಗೆ ನಾನು ಹೇಳಬೇಕಾ, 1959ರಲ್ಲಿ ಶುರು ಮಾಡಿದ ಲಂಚಾವತಾರ 10,000ಕ್ಕೂ ಜಾಸ್ತಿ ಸಲ ಆಡಿದ್ರು, ಅವತ್ತಿನ ಪೇಪರಲ್ಲಿ ಬಂದ ಸುದ್ದಿ ಅವತ್ತು ರಾತ್ರಿ ಸ್ಟೇಜ್ ಮೇಲೆ ಬರ್ತಿತ್ತು. ಮಂತ್ರಿಗಳು ಎದುರಿಗೇ ಕೂತಿದ್ರೂ ಬಿಡ್ತಿರಲಿಲ್ಲ ಅಂತ ನಮ್ಮ ಮೇಷ್ಟ್ರು ಹೇಳ್ತಾರೆ. 2019ರಲ್ಲಿ ಅವರು ತೀರಿಕೊಂಡಾಗ ಎಲ್ಲಾ ಪಕ್ಷದೋರೂ ಕಂಬನಿ ಮಿಡಿದ್ರಿ. ಅವರು ಮಾಡಿದ್ದನ್ನೇ ನಾವು ನಮ್ಮ ಶಕ್ತಿಗೆ ತಕ್ಕಂಗೆ ಒಂದು ಮಂಟಪದ ಬಗ್ಗೆ ಮಾಡ್ತಿದ್ದೀವಿ. ಮುಖ್ಯಮಂತ್ರಿ ನಾಟಕ ಆಡಿ ಆಡಿ ಹೆಸರಿನ ಮುಂದೆ ಮುಖ್ಯಮಂತ್ರಿ ಅಂತಾನೇ ಅಂಟಿಕೊಂಡ ಚಂದ್ರು ಅವರನ್ನ 1985ರಲ್ಲಿ ಗೌರಿಬಿದನೂರಿನ ಜನ ವಿಧಾನಸಭೆಗೇ ಕಳಿಸಿದ್ರು. ಅಂದ್ರೆ ರಾಜಕೀಯದ ಮೇಲೆ ನಕ್ಕೋನನ್ನ ಜನ ಶತ್ರು ಅಂತ ನೋಡಲ್ಲ, ನಮ್ಮೋನು ಅಂತಾರೆ.

ನಾಟಕಕ್ಕೆ ಹೆದರಿ ಕಾನೂನು ಮಾಡಿದ್ದು ಬ್ರಿಟಿಷರು. ಪ್ರಿನ್ಸ್ ಆಫ್ ವೇಲ್ಸ್ ಕಲ್ಕತ್ತಾಕ್ಕೆ ಬಂದಾಗ ಅಲ್ಲಿನ ಒಬ್ಬ ವಕೀಲರು ಅವನನ್ನ ತಮ್ಮ ಮನೆಯ ಹೆಂಗಸರ ಅಂತಃಪುರಕ್ಕೇ ಕರೆದು ಸತ್ಕಾರ ಮಾಡಿದ್ರು, ಅದನ್ನ ಗೇಲಿ ಮಾಡಿ ಬಂಗಾಳಿ ರಂಗಭೂಮಿಯೋರು ಪ್ರಹಸನ ಆಡಿದ್ರು, ಆ ಸಿಟ್ಟಲ್ಲೇ 1876ರಲ್ಲಿ ನಾಟಕ ಪ್ರದರ್ಶನ ಕಾಯ್ದೆ ಬಂತು. ಸರ್ಕಾರಕ್ಕೆ ಹಿಡಿಸದ ನಾಟಕ ನಿಲ್ಲಿಸೋಕೆ ಅದೇ ಅಸ್ತ್ರ. ಆ ಕಾಯ್ದೆ ಪುಸ್ತಕದಿಂದ ಪೂರ್ತಿ ಹೋಗಿದ್ದು 2018ರಲ್ಲಿ, ಅದೂ ನಿಮ್ಮಂಥ ಜನಪ್ರತಿನಿಧಿಗಳೇ ಸಂಸತ್ತಿನಲ್ಲಿ ಕೂತು ತೆಗೆದುಹಾಕಿದ್ದು. ದೆಹಲಿಯಲ್ಲಿ ತೆಗೆದಿದ್ದನ್ನ ನಮ್ಮ ತಾಲೂಕಿನಲ್ಲಿ ಒಂದು ಫೋನ್ ಕಾಲ್ ವಾಪಸ್ ತರಬಾರದು.

ಹಂಪಿ ಬಗ್ಗೆ ನಾವ್ಯಾಕೆ ನಾಟಕ ಮಾಡ್ತೀವಿ, ಇತಿಹಾಸದ ಗಂಭೀರ ವಿಷಯ ಅಲ್ವಾ, ಅದರಲ್ಲಿ ಹಾಸ್ಯ ಯಾಕೆ ಅಂತ ಸಮಿತಿಯ ಒಬ್ಬರು ಕೇಳಿದ್ರು. ಒಳ್ಳೇ ಪ್ರಶ್ನೆ. ನಾನು ಅವತ್ತು ಸರಿಯಾಗಿ ಉತ್ತರ ಕೊಡಲಿಲ್ಲ, ಈಗ ಕೊಡ್ತೀನಿ.

ಹಂಪಿ ಪಕ್ಕದಲ್ಲಿ ಬದುಕೋರಿಗೆ ಅದು ಬರೀ ಇತಿಹಾಸ ಅಲ್ಲ, ದಿನಾ ನಡೆಯೋ ವ್ಯವಹಾರ. 1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರ್ತು, ಎಲ್ಲರೂ ಸಂಭ್ರಮ ಪಟ್ರು. ಹೊಳೆ ದಾಟೋಕೆ ತಳವಾರಘಟ್ಟ ಆನೆಗೊಂದಿ ನಡುವೆ ಸೇತುವೆ ಶುರು ಮಾಡಿದ್ರು, ಅದರಿಂದಾನೇ 1999ರಲ್ಲಿ ಹಂಪಿ ಯುನೆಸ್ಕೊದ ಅಪಾಯದಲ್ಲಿರೋ ತಾಣಗಳ ಪಟ್ಟಿಗೆ ಹೋಯ್ತು, 2006ರಲ್ಲಿ ಆ ಪಟ್ಟಿಯಿಂದ ಹೊರಗೆ ಬಂತು, 2009ರ ಜನವರಿಯಲ್ಲಿ ಆ ಅರ್ಧಂಬರ್ಧ ಸೇತುವೆ ಕುಸಿದು ಕೂಲಿಗೆ ಬಂದಿದ್ದ ಜನ ಸತ್ರು. ಸೇತುವೆ ಬೇಕು ಅಂದ ನಮ್ಮ ಆಚೆ ದಂಡೆಯೋರದ್ದೂ ತಪ್ಪಲ್ಲ, ಆಸ್ಪತ್ರೆಗೆ ತೆಪ್ಪದಲ್ಲಿ ಹೋಗೋರ ಕಷ್ಟ ಅವರಿಗೇ ಗೊತ್ತು. 2011ರ ಜುಲೈನಲ್ಲಿ ವಿರೂಪಾಕ್ಷ ಬಜಾರಿನ ಸಾಲು ಮಂಟಪದಲ್ಲಿ ಮನೆ ಅಂಗಡಿ ಮಾಡ್ಕೊಂಡಿದ್ದೋರನ್ನ ಖಾಲಿ ಮಾಡಿಸಿದ್ರು, ಕಡ್ಡಿರಾಂಪುರದ ಕಡೆ ಜಾಗ ಅಂದ್ರು. ಸಂರಕ್ಷಣೆ ಬೇಕು ಅಂತ ನಾನೂ ಒಪ್ತೀನಿ, ಮಂಟಪಕ್ಕೆ ಗೋಡೆ ಕಟ್ಟಿ ಫ್ರಿಜ್ ಇಡೋದು ಸರಿ ಅಂತ ಯಾರೂ ಹೇಳಲ್ಲ, ಆದ್ರೆ ಜನರನ್ನ ಎಬ್ಬಿಸಿ ಉಳಿಸ್ತೀವಿ ಅಂದ ಅದೇ ಸಾಲು ಮಂಟಪದ ಒಂದು ಭಾಗ 2024ರ ಮೇ ತಿಂಗಳ ಮಳೆಗೆ ಬಿತ್ತು. ಆ ಸುದ್ದಿ ನಮ್ಮ ವಾಟ್ಸಾಪ್ ಗ್ರೂಪಿಗೆ ಬಂದಾಗ ಮೇಷ್ಟ್ರು ಏನೂ ಬರೀಲಿಲ್ಲ, ಸಂಜೆ ತಾಲೀಮಿಗೆ ಬಂದು, ಕಂಬ ಬಿದ್ದೈತಿ ಸಾಹೇಬ್ರೇ ಅಂದ್ರು. ನಾಟಕ ಹುಟ್ಟಿದ್ದು ಆ ಮಾತಿಂದ.

ಇದನ್ನೆಲ್ಲಾ ಭಾಷಣ ಮಾಡಿ ಹೇಳಿದ್ರೆ ನಮ್ಮೂರ ಜನ ಎದ್ದು ಹೋಗ್ತಾರೆ. ಅರ್ಜಿ ಬರೆದ್ರೆ ಸ್ವೀಕೃತಿ ಸೀಲ್ ಬೀಳುತ್ತೆ. ನಗಿಸಿ ಹೇಳಿದ್ರೆ ಕೂತು ಕೇಳ್ತಾರೆ, ಮನೆಗೆ ಹೋಗಿ ಮಾತಾಡ್ತಾರೆ. ಬಯಲಾಟದಲ್ಲಿ ಸಾರಥಿ ಮಾಡ್ತಿದ್ದಿದ್ದು ಇದೇ ಕೆಲಸ ಅಲ್ವಾ, ರಾಜ ಸಿಂಹಾಸನದ ಮೇಲೆ ಕೂತಿದ್ರೂ ಪಕ್ಕ ನಿಂತು ಅವನ ಕಾಲೆಳೆಯೋನು ಸಾರಥಿ, ನಡುವೆ ಊರ ಗೌಡನ್ನೂ ಒಂದು ಮಾತು ಅಂದುಬಿಡ್ತಿದ್ದ, ಗೌಡ ಅಲ್ಲೇ ಕೂತು ನಕ್ಕು ಐದು ರೂಪಾಯಿ ಆಯೇರಿ ಮಾಡ್ತಿದ್ದ. ಕೃಷ್ಣದೇವರಾಯನ ಆಸ್ಥಾನದ ತೆನಾಲಿ ರಾಮಕೃಷ್ಣನ ಕಥೆಗಳನ್ನ ಇವತ್ತಿಗೂ ಮಕ್ಕಳಿಗೆ ಹೇಳ್ತೀವಿ, ಆ ಕಥೆಗಳಲ್ಲಿ ರಾಯರಿಗೆ ಸಿಟ್ಟು ಬರುತ್ತೆ, ಕೊನೆಗೆ ನಗ್ತಾರೆ. ರಾಯರ ಪ್ರತಿಮೆಗೆ ಮಾಲೆ ಹಾಕ್ತೀರಿ, ಭಾಷಣದಲ್ಲಿ ಅವರ ಹೆಸರು ತಗೋತೀರಿ, ಅವರ ನಗೂನೂ ನಿಮ್ಮ ಪಾಲಿಗೆ ಬಂದಿದೆ ಅಂತ ತಿಳ್ಕೊಳ್ಳಿ.

ಮತ್ತೆ ಒಂದು ವಿಷಯ, ಕಲ್ಲಿನ ಕೆಲಸದೋನಾಗಿ ಹೇಳ್ತೀನಿ. ವಿರೂಪಾಕ್ಷ ಗುಡಿಯ ಒಳಗೆ ರಂಗಮಂಟಪದ ಮುಂದೆ ಒಂದು ಶಾಸನದ ಕಲ್ಲಿದೆ, 1510ರ ಹೊತ್ತಿಂದು. ಪಟ್ಟಾಭಿಷೇಕದ ಸಮಯದಲ್ಲಿ ಕೃಷ್ಣದೇವರಾಯ ಆ ರಂಗಮಂಟಪ ಕಟ್ಟಿಸಿದ ಅಂತ ಅದು ಹೇಳುತ್ತೆ. ನಾನು ಶೆಡ್ ರಜೆ ಇದ್ದಾಗ ಎಷ್ಟೋ ಸಲ ಹೋಗಿ ಅದರ ಮುಂದೆ ನಿಂತಿದೀನಿ. ಮರಳು ಹೊಡೆಯೋ ಮಷಿನ್ ಇಲ್ಲದ ಕಾಲ, ಉಳಿಯಲ್ಲಿ ಒಂದೊಂದೇ ಅಕ್ಷರ, ಐನೂರು ವರ್ಷ ಬಿಸಿಲು ಮಳೆ ತಿಂದೂ ಅಕ್ಷರ ನಿಂತಿದೆ. ನಮ್ಮ ಗೋಲ್ಡ್ ಪೇಂಟ್ ನಾಲ್ಕು ವರ್ಷಕ್ಕೆ ಸುಲಿಯುತ್ತೆ. ಅಲ್ಲಿ ನನ್ನ ಕಣ್ಣು ನಿಲ್ಲೋದು ಮಾತ್ರ ಇನ್ನೊಂದು ವಿಷಯಕ್ಕೆ. ರಾಜ ಪಟ್ಟಕ್ಕೆ ಬಂದಾಗ ಗುಡಿಗೆ ಕಟ್ಟಿಸಿದ್ದು ರಂಗಮಂಟಪ, ಅಂದ್ರೆ ಹಾಡೋರು ಕುಣಿಯೋರು ನಿಲ್ಲೋಕೆ ಜಾಗ. ಕಲ್ಲು ಆ ಜಾಗದ ಬದಿಗೆ ಸಣ್ಣದಾಗಿ ನಿಂತಿದೆ, ಜಾಗ ದೊಡ್ಡದಿದೆ. ಮಹಾನವಮಿ ದಿಬ್ಬಕ್ಕೆ ಹೋದ್ರೂ ಅಷ್ಟೇ, ಸುತ್ತ ಕೆತ್ತಿರೋದು ಕುಣಿಯೋರು, ಕುಸ್ತಿ ಹಿಡಿಯೋರು, ಆನೆ, ಕುದುರೆ, ಬೇಟೆ. 1520ರ ಆಸುಪಾಸಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ಕೂಡ ಆ ಹಬ್ಬದಲ್ಲಿ ರಾಜ ಕೂತು ಕುಸ್ತಿ, ಕುಣಿತ ನೋಡ್ತಿದ್ದುದನ್ನ ಬರೆದಿಟ್ಟಿದಾನೆ. ನೋಡೋಕೆ ಕೂತ್ಕೊಳ್ಳೋದು ರಾಜರ ಕೆಲಸದ ಭಾಗವೇ ಆಗಿತ್ತು ಈ ಊರಲ್ಲಿ.

ನಮ್ಮ ನಾಟಕದಲ್ಲಿ ನಿಮ್ಮನ್ನ ಕೆಟ್ಟೋರು ಅಂತ ತೋರಿಸಿಲ್ಲ, ಇದನ್ನ ಪ್ರಾಮಾಣಿಕವಾಗಿ ಹೇಳ್ತೀನಿ. ಹಾಲಿ ಶಾಸಕರ ಪಾರ್ಟು ಮಾಡೋನು ನಾನೇ. ಆ ಮನುಷ್ಯನಿಗೆ ನಿಜಕ್ಕೂ ಕಂಬ ನಿಲ್ಲಿಸಬೇಕು ಅಂತ ಇರುತ್ತೆ, ಅವನು ಫೋನ್ ಮಾಡ್ತಾನೆ, ಪುರಾತತ್ವ ಇಲಾಖೆಯೋರು ಸ್ಮಾರಕದಿಂದ ನೂರು ಮೀಟರ್ ಒಳಗೆ ಏನೂ ಕಟ್ಟಂಗಿಲ್ಲ ಅಂತಾರೆ, ಪ್ರಾಧಿಕಾರದೋರು ಅದು ನಮ್ಮದಲ್ಲ ಇಲಾಖೆದು ಅಂತಾರೆ, ಪಂಚಾಯ್ತಿಯೋರು ಅನುದಾನ ಇಲ್ಲ ಅಂತಾರೆ. ಸಾಕಾಗಿ, ಫಲಕ ಹಾಕೋದೊಂದೇ ನನ್ನ ಕೈಲಿರೋದು, ಅದನ್ನಾದ್ರೂ ಮಾಡ್ತೀನಿ ಅಂತ ಅವನು ಅಂದಾಗ ಜನ ನಗ್ತಾರೆ, ಆದ್ರೆ ನನಗೆ ಪ್ರತಿ ಸಲ ಆ ಮಾತು ಹೇಳುವಾಗ ಗಂಟಲು ಕಟ್ಟುತ್ತೆ. ನಿಮಗೂ ಇಂಥ ದಿನಗಳು ಬಂದಿರ್ತವೆ ಅಂತ ನನಗೆ ಗೊತ್ತು, ನಿಮ್ಮ ಆಫೀಸಿನ ಹೊರಗೆ ಕಲ್ಲಿನ ಬಿಲ್ಲು ಹಿಡ್ಕೊಂಡು ಕೂತಾಗ ಒಳಗಿನ ಫೋನ್ ಮಾತು ಕೇಳಿಸ್ಕೊಂಡಿದೀನಿ.

ಮೊದಲ ಪ್ರದರ್ಶನಕ್ಕೆ ನಮ್ಮೂರ ಪಂಚಾಯ್ತಿ ಸದಸ್ಯರೊಬ್ರು ಬಂದಿದ್ರು. ಹೊಟ್ಟೆ ಹಿಡ್ಕೊಂಡು ನಕ್ಕರು, ಮುಗಿದ ಮೇಲೆ ಹಿಂದೆ ಬಂದು, ಕೈ ಆಡಿಸೋದು ನಂದೇ ಹಾಕೀರಲ್ಲಪ್ಪ ಅಂತ ಬೈದ್ರು. ಮಾರನೇ ವಾರ ಊರ ಬಾಗಿಲ ಹತ್ರ ಇರೋ ವೀರಗಲ್ಲಿನ ಸುತ್ತ ಮುಳ್ಳು ಕಂಟಿ ಅವರೇ ನಿಂತು ಕಡಿಸಿದ್ರು. ಕಲ್ಲು ಹಾಕಿಸಲಿಲ್ಲ, ನನಗೆ ಆರ್ಡರ್ ಕೊಡಲಿಲ್ಲ, ಸುಮ್ನೆ ಕಡಿಸಿದ್ರು. ಅದು ಯಾವ ವೀರನ ಕಲ್ಲು ಅಂತ ಈಗ ಹುಡುಗ್ರು ಕೇಳ್ತಿದಾರೆ.

ಹಂಗಾಗಿ ನಿಮ್ಮ ಹತ್ರ ಕೇಳೋದು ಇಷ್ಟು. ನಿಮ್ಮ ಹೆಸರಲ್ಲಿ ಯಾರೋ ಹೆದರಿಕೊಂಡು ಸ್ಕ್ರಿಪ್ಟ್ ತರಿಸಿ ಸೀನ್ ಕಡಿಯೋದನ್ನ ನಿಲ್ಲಿಸಿ, ನಮ್ಮೊಬ್ಬರದ್ದಲ್ಲ ಯಾರದ್ದೇ ಆಗ್ಲಿ. ಸರ್ಕಾರಿ ಉತ್ಸವ ಅಂದ್ರೆ ಸಿನಿಮಾದೋರಿಗೆ, ಆರ್ಕೆಸ್ಟ್ರಾಗೆ, ಲೇಸರ್ ಶೋಗೆ ಜಾಗ ಇರುತ್ತೆ, ಅದರ ಜೊತೆ ಈ ಕಲ್ಲುಗಳ ನಡುವೆ ಬದುಕೋ ಹವ್ಯಾಸಿ ತಂಡಗಳಿಗೂ ಒಂದು ಸಂಜೆ ಕೊಡಿಸಿ, ಅವರು ನಿಮ್ಮನ್ನ ಹೊಗಳಲಿ ಬೈಯಲಿ ನಗಿಸಲಿ. ಮತ್ತೆ ನೀವು ಬಂದಾಗ ದೀಪ ಹಚ್ಚಿ, ನಾಲ್ಕು ಮಾತಾಡಿ, ಅರ್ಜೆಂಟ್ ಕೆಲಸ ಇದೆ ಅಂತ ಎದ್ದು ಹೋಗಬೇಡಿ. ನೀವು ಎದ್ರೆ ನಿಮ್ಮ ಜೊತೆ ನೂರು ಜನ ಏಳ್ತಾರೆ, ಗದ್ದಲ ಆಗುತ್ತೆ, ಮೊದಲ ಸೀನ್ ಯಾರಿಗೂ ಕೇಳಿಸಲ್ಲ. ಕೊನೇ ತನಕ ಕೂತ್ಕೊಳ್ಳಿ.

ಬರೋ ಹುಣ್ಣಿಮೆ ರಾತ್ರಿ ನಮ್ಮೂರ ಶಾಲೆ ಮೈದಾನದಲ್ಲಿ ಮತ್ತೆ ಆಡ್ತಿದೀವಿ. ಏಳೂವರೆಗೆ ಶುರು, ಕರೆಂಟ್ ಹೋದ್ರೆ ಜನರೇಟರ್ ಇದೆ, ಅದರ ಬಾಡಿಗೆ ಬಾಳೆ ತೋಟದ ನಮ್ಮ ಹುಡುಗ ಕೊಡ್ತಿದಾನೆ. ಮೊದಲ ಸಾಲಲ್ಲಿ ಮೂರು ಕುರ್ಚಿ ಖಾಲಿ ಇಟ್ಟಿರ್ತೀವಿ, ಹಾಲಿ, ಮಾಜಿ, ಮುಂದಿನೋರು ಯಾರು ಬಂದ್ರೂ ಸರಿ, ಪಕ್ಕಪಕ್ಕ ಕೂತ್ರೆ ಇನ್ನೂ ಸಂತೋಷ. ಸ್ವಾಗತ ಭಾಷಣ ಇಲ್ಲ, ಮಾಲೆ ಇಲ್ಲ, ಫಲಕ ಇಲ್ಲ, ಚಹಾ ಮಂಡಕ್ಕಿ ಮಿರ್ಚಿ ಇದೆ. ನಾಟಕ ಮುಗಿದ ಮೇಲೆ ಬಿದ್ದ ಕಂಬದ ಪಾರ್ಟು ಮಾಡೋ ಹುಡುಗನಿಗೆ ಕೈ ಕಾಲು ಜೋಮು ಹಿಡಿದಿರುತ್ತೆ, ಒಬ್ಬನೇ ಏಳೋಕೆ ಆಗಲ್ಲ, ಪ್ರತಿ ಸಲ ನಾವೇ ಇಬ್ರು ಮೂವರು ಹೋಗಿ ಎಬ್ಬಿಸಿ ನಿಲ್ಲಿಸ್ತೀವಿ. ಈ ಸಲ ಅವನಿಗೆ ನೀವು ಬಂದು ಕೈ ಕೊಡಿ.

ಇಂತಿ,
ಕಲ್ಲಿನ ಮೇಲೆ ನಿಮ್ಮ ಹೆಸರು ಬರೆಯೋ ಒಬ್ಬ ಹವ್ಯಾಸಿ ನಟ